ಬಿಗಿದು ಕಟ್ಟಿದ ಹಲ್ಲು

ನಾನು ಹೊಟ್ಟೆಕಿಚ್ಚಿನ ಹೆಂಗಸು. ಬೇರೆ ಯಾರೋ ಹೇಳಿ ನೀವು ಕೇಳುವುದಕ್ಕಿಂತ ನಾನೇ ಹೇಳಿಬಿಡುವುದು ವಾಸಿ. ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಹದಿನಾಲ್ಕು ವರ್ಷದಿಂದ ಹಲ್ಲಿನ ದವಾಖಾನೆ ಇಟ್ಟುಕೊಂಡಿದ್ದೇನೆ. ಬೋರ್ಡಿನ ಮೇಲೆ ಡಾ. ಶೈಲಶ್ರೀ, ಬಿಡಿಎಸ್ ಎಂದಿದೆ. ಬರೆಸುವಾಗ ಅದರ ಪಕ್ಕದಲ್ಲಿ ಎಂಡಿಎಸ್ ಹಿಡಿಯುವಷ್ಟು ಜಾಗ ಬಿಡಿಸಿದ್ದೆ. ಮದುವೆಯಾಯಿತು, ಮಗಳು ಹುಟ್ಟಿದಳು, ಮುಂದಿನ ಓದು ಹಿಂದೆ ಬಿತ್ತು. ಬಣ್ಣ ಎರಡು ಸಲ ಹೊಡೆಸಿದ್ದೇನೆ, ಆ ಜಾಗ ಮಾತ್ರ ಹಾಗೇ ಇದೆ.

ಕಾಲೇಜು ಮುಗಿದ ಮೇಲೆ ನಾಲ್ಕು ವರ್ಷ ಸಂಡೂರಿನ ಒಂದು ಆಸ್ಪತ್ರೆಯಲ್ಲಿದ್ದೆ. ಅದಿರಿನ ಲಾರಿಗಳು ಸಾಲುಗಟ್ಟಿ ಓಡುತ್ತಿದ್ದ ಕಾಲ ಅದು. ವಾರಕ್ಕೆ ಮೂರು ನಾಲ್ಕು ಮುರಿದ ದವಡೆಗಳು ಕೆಂಪು ಧೂಳು ಮೆತ್ತಿಕೊಂಡು ನನ್ನ ಕುರ್ಚಿಗೆ ಬರುತ್ತಿದ್ದವು. ಹಲ್ಲಿನ ಸಾಲಿನ ಉದ್ದಕ್ಕೂ ಲೋಹದ ಪಟ್ಟಿ ಇಟ್ಟು, ಒಂದೊಂದು ಹಲ್ಲಿಗೂ ತಂತಿ ಸುತ್ತಿ, ಇಕ್ಕಳದಿಂದ ತಿರುವಿ ತಿರುವಿ ಬಿಗಿಯಬೇಕು. ಆರು ವಾರ ಏನೂ ಅಲುಗದಂತೆ ನೋಡಿಕೊಂಡರೆ ಎಲುಬಿಗೆ ಎಲುಬು ಕೂಡಿಕೊಳ್ಳುತ್ತದೆ. ಆ ಕೆಲಸದಲ್ಲಿ ನನ್ನ ಕೈ ಪಳಗಿತು. ನಾನು ಕಟ್ಟಿದ ದವಡೆ ಒಂದೂ ಸಡಿಲಾಗಿ ವಾಪಸು ಬಂದದ್ದಿಲ್ಲ. ಅಲ್ಲಿ ನನಗೆ ತಂತಿ ಕತ್ತರಿಸಿ ಕೊಡುತ್ತಿದ್ದ ಹಂಪಕ್ಕನನ್ನೇ ಮುಂದೆ ನನ್ನ ದವಾಖಾನೆಗೆ ಕರೆತಂದೆ.

ನನ್ನ ಗಂಡ ಮಲ್ಲೇಶ್ ಅವರದು ಕಂಪ್ಲಿಯಲ್ಲಿ ಅಕ್ಕಿ ಗಿರಣಿ. ಮಾವ ಕೊಟ್ರಯ್ಯನವರು ಕಟ್ಟಿದ್ದು. ಅತ್ತೆ ಮಾವ ಅಲ್ಲೇ ಇರುತ್ತಾರೆ, ನಾವು ಹೊಸಪೇಟೆಯಿಂದ ಸುಗ್ಗಿಯ ಭಾನುವಾರಗಳಲ್ಲಿ ಹೋಗಿ ಬರುತ್ತೇವೆ. ಗಿರಣಿಗೆ ಭತ್ತ ಬಂದರೆ ಮಾವನವರು ಚೀಲಕ್ಕೆ ಕೈ ಹಾಕಿ ನಾಲ್ಕು ಕಾಳು ತೆಗೆದು, ಒಂದನ್ನು ಮುಂದಿನ ಹಲ್ಲಿನ ನಡುವೆ ಇಟ್ಟು ಮೆಲ್ಲಗೆ ಒತ್ತುತ್ತಿದ್ದರು. ಒಣಗಿದ ಕಾಳು ಕಟ್ ಎಂದು ಮುರಿಯುತ್ತದೆ. ಹಸಿ ಇದ್ದರೆ ಮುರಿಯುವ ಮೊದಲು ಒಂದಿಷ್ಟು ಬಾಗುತ್ತದೆ. ಆ ಒಂದಿಷ್ಟನ್ನು ಅವರ ಹಲ್ಲು ಹಿಡಿಯುತ್ತಿತ್ತು. ಇನ್ನೂ ಎರಡು ಬಿಸಿಲು ಬೇಕು, ಒಂದು ಬಿಸಿಲು ಸಾಕು, ಹೀಗೆ ಹೇಳುತ್ತಿದ್ದರು. ಗಿರಣಿಯಲ್ಲಿ ತೇವ ಅಳೆಯುವ ಮೀಟರ್ ಇತ್ತು, ಆದರೆ ಅವರು ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದರು.

ನಾಲ್ಕು ವರ್ಷದ ಹಿಂದೆ ಅವರ ಮುಂದಿನ ಹಲ್ಲುಗಳು ಅಲುಗಾಡತೊಡಗಿದವು. ನಾನೇ ಕಿತ್ತು ಹಲ್ಲಿನ ಸೆಟ್ ಹಾಕಿದೆ. ಸೆಟ್ ಚೆನ್ನಾಗಿಯೇ ಕೂತಿತ್ತು. ಗಿರಣಿಗೆ ಹೋಗಿ ಒಂದು ಕಾಳು ಕಡಿದು ನೋಡಿದರು, ಇನ್ನೊಂದು ಕಡಿದರು, ಆಮೇಲೆ ನನ್ನ ಮುಖ ನೋಡಿದರು.

“ಶೈಲಾ, ಇದು ಕಟ್ ಅಂತೈತವ್ವ. ಏನೂ ಹೇಳಂಗಿಲ್ಲ,” ಎಂದರು.

ಅಂದಿನಿಂದ ಕಾಳು ಕಡಿಯುವುದು ನನ್ನ ಮಗಳು ಗಂಗೋತ್ರಿಯ ಕೆಲಸವಾಯಿತು. ಆಗ ಅವಳಿಗೆ ಎಂಟು ವರ್ಷ, ಹೊಸ ಹಲ್ಲು ಆಗಷ್ಟೇ ಬಂದಿದ್ದವು. ತಾತನ ತೊಡೆಯ ಮೇಲೆ ಕೂತು ಮೇಲಿನ ಬಲಗಡೆಯ ಮುಂದಿನ ಹಲ್ಲಿಗೆ ಕಾಳು ಕೊಟ್ಟು, ಕಣ್ಣು ಮುಚ್ಚಿ, “ಇನ್ನ ಹಸಿ ಐತಿ ತಾತ,” ಎನ್ನುತ್ತಿದ್ದಳು. ಮಾವನವರು ಮೊದಮೊದಲು ಆಟಕ್ಕೆಂದು ಕೇಳುತ್ತಿದ್ದರು. ಎರಡು ಸುಗ್ಗಿ ಕಳೆಯುವುದರಲ್ಲಿ ಭಾನುವಾರ ಅವಳು ಹೇಳದೆ ಚೀಲ ಇಳಿಸುತ್ತಿರಲಿಲ್ಲ. ಅವಳ ಹನ್ನೆರಡರ ಹೊತ್ತಿಗೆ ಭತ್ತ ತರುವ ರೈತರೂ “ಸಣ್ಣ ಸಾವ್ಕಾರ್ತಿ ಬಂದಾಳೇನ್ರಿ?” ಎಂದು ಕೇಳುತ್ತಿದ್ದರು.

ಇನ್ನು ಸ್ನೇಹಾಳ ವಿಷಯ. ವಸಡಿನ ತಜ್ಞೆ ಬೇಕು ಎಂದು ರೋಗಿಗಳು ಕೇಳಿ ಕೇಳಿ ಬಳ್ಳಾರಿಗೆ ಹೋಗತೊಡಗಿದಾಗ, ವಾರಕ್ಕೆ ಎರಡು ದಿನ, ಸೋಮವಾರ ಮತ್ತು ಗುರುವಾರ ಬಂದು ಹೋಗಲಿ ಎಂದು ನಾನೇ ಅವಳನ್ನು ಕರೆಸಿದೆ. ಸಂಡೂರು ತಾಲೂಕಿನ ಬಂಡ್ರಿಯ ಹುಡುಗಿ, ಇಪ್ಪತ್ತೊಂಬತ್ತು ವಯಸ್ಸು. ಅಪ್ಪ ಮೂಕಪ್ಪ ಗಣಿಯಲ್ಲಿ ಕೂಲಿ ಮಾಡಿ ಓದಿಸಿದ್ದ. ಟಿ.ಬಿ. ಡ್ಯಾಂ ಕ್ವಾರ್ಟರ್ಸಿನಲ್ಲಿ ಒಂದು ಕೋಣೆ ಬಾಡಿಗೆ ಹಿಡಿದಿದ್ದಳು. ನನ್ನ ಬೋರ್ಡಿನಲ್ಲಿ ಖಾಲಿ ಬಿಟ್ಟ ಆ ಮೂರಕ್ಷರ ಅವಳ ಹೆಸರಿನ ಮುಂದೆ ಸಲೀಸಾಗಿ ಕೂತಿತ್ತು. ಕೂಲಿಯವನ ಮಗಳಿಗೆ ಸಿಕ್ಕಿದ್ದು ನನಗೆ ಸಿಗಲಿಲ್ಲ ಎಂಬ ಮಾತು ಮೊದಲ ದಿನವೇ ನನ್ನ ಮನಸ್ಸಿಗೆ ಬಂತು. ಬಂದದ್ದಕ್ಕೆ ನಾಚಿಕೆಯಾಯಿತು, ಆದರೂ ಅದು ಹೋಗಲಿಲ್ಲ.

ಬಂದ ಆರು ತಿಂಗಳಲ್ಲಿ ಅವಳು ನನ್ನ ಮನೆಯೊಳಗೇ ಕೈ ಹಾಕಿದಳು. ಅತ್ತೆ ಮರುಳಸಿದ್ದಮ್ಮನವರ ಕೆಳದವಡೆಯ ಹಲ್ಲೊಂದು ಅಲುಗುತ್ತಿತ್ತು. ನಾನು ನೋಡಿ ಕಿತ್ತುಬಿಡೋಣ ಎಂದಿದ್ದೆ. ಸ್ನೇಹಾ ವಸಡು ಬಿಡಿಸಿ, ಬೇರು ಕೆರೆದು ತೊಳೆದು, ಹೊಲಿಗೆ ಹಾಕಿ, ಮೂರು ತಿಂಗಳಲ್ಲಿ ಅದೇ ಹಲ್ಲನ್ನು ಗಟ್ಟಿ ಮಾಡಿ ಕೂರಿಸಿದಳು. ಅತ್ತೆಗೆ ಕಟಕ್ ರೊಟ್ಟಿ ಮುರಿದು ತಿಂದಾಗಲೆಲ್ಲ ಅದೇ ಮಾತು.

“ನಿಮ್ಮ ಮಾವನ ಹಲ್ಲು ನೀ ಕಿತ್ತಿ. ಆವಾಗ ಈ ಹುಡುಗಿ ಇದ್ದಿದ್ರ ಅವೂ ಉಳೀತಿದ್ದವೋ ಏನೋ,” ಎನ್ನುತ್ತಿದ್ದರು. ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ, ರೊಟ್ಟಿ ಅಗಿಯುತ್ತ ಸಹಜವಾಗಿ ಹೇಳುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅದನ್ನಾದರೂ ನುಂಗಿಕೊಂಡೆ. ಗಂಗೋತ್ರಿಯ ವಿಷಯ ನುಂಗಿಕೊಳ್ಳಲಾಗಲಿಲ್ಲ.

ಸೋಮವಾರ, ಗುರುವಾರ ಶಾಲೆ ಬಿಟ್ಟ ಕೂಡಲೇ ಅವಳು ದವಾಖಾನೆಗೆ ಓಡಿ ಬರುತ್ತಿದ್ದಳು. ಉಳಿದ ನಾಲ್ಕು ದಿನ ನಾನೊಬ್ಬಳೇ ಇದ್ದಾಗ ಬರುತ್ತಿರಲಿಲ್ಲ. ಒಂದು ಗುರುವಾರ ನಾನು ಒಳಗೆ ಹಲ್ಲು ಕೀಳುತ್ತಿದ್ದೆ. ಹೊರಗೆ ಸ್ನೇಹಾ ಒಂದು ಎಕ್ಸ್-ರೇ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದಳು.

“ಬೇರಿನ ಸುತ್ತ ಸಣ್ಣ ಕಪ್ಪು ಗೆರಿ ಕಾಣ್ತೈತಲ್ಲ, ಅದು ಏನು ಹೇಳು?”

“ಸಂದಿ ಏನಕ್ಕ?”

“ಸಂದಿನ. ಆದ್ರ ಖಾಲಿ ಇಲ್ಲ. ಎರಡು ಕೂದಲ ಜೋಡಿಸಿದಷ್ಟು ಜಾಗದಾಗ ಸಾವಿರಾರು ನಾರು ಅದಾವ. ಒಂದು ತುದಿ ಬೇರಿಗೆ ನೆಟ್ಟೈತಿ, ಇನ್ನೊಂದು ಎಲುಬಿಗೆ. ಹಲ್ಲು ಗ್ವಾಡಿಗೆ ಮೊಳಿ ಹೊಡೆದಂಗ ಎಲುಬಿನಾಗ ನೆಟ್ಟಿಲ್ಲ ಗಂಗೂ, ಆ ನಾರಿನ ಮ್ಯಾಲ ತೂಗಿ ಬಿದ್ದೈತಿ. ಬಂಡ್ರ್ಯಾಗ ನಮ್ಮಪ್ಪನ ಹಗ್ಗದ ಹೊರಸು ಐತಿ. ಅಪ್ಪ ಕುಂತ್ರ ಹಗ್ಗ ಬಿಗೀತಾವ, ಎದ್ರ ಮತ್ತ ಮೊದಲಿನಂಗ ಆಗ್ತಾವ. ಭಾರ ಒಂದ ಕಡೆ ಬೀಳಂಗಿಲ್ಲ. ನೀ ಕಡಿದಾಗ ಹಲ್ಲೂ ಹಂಗ ಒಂಚೂರು ಇಳಿದು ಏಳ್ತೈತಿ.”

“ಕಾಳು ಹಸಿ ಐತೋ ಒಣಗೈತೋ ನನಗ ಹೆಂಗ ಗೊತ್ತಾಗ್ತೈತಿ ಹಂಗಾದ್ರ?”

“ಆ ನಾರಿನ ನಡುವ ನರದ ತುದಿ ಅದಾವ. ಎಷ್ಟು ಒತ್ತಿದಿ, ಯಾವ ಕಡೆಯಿಂದ ಒತ್ತಿದಿ, ಎಲ್ಲಾ ಅವು ಹೇಳ್ತಾವ. ಅನ್ನದಾಗ ಒಂದು ಸಣ್ಣ ಕಲ್ಲು ಸಿಕ್ರ ತಟ್ಟನ ದವಡಿ ನಿಲ್ಸಿ ಬಿಡ್ತೀಯಲ್ಲ, ಅದೂ ಅವುಗಳ ಕೆಲಸ. ನಿಮ್ಮ ತಾತನ ಸೆಟ್ಟಿಗೆ ಆ ನಾರು ಎಲ್ಲಿಂದ ಬರಬೇಕು?”

ಗಂಗೋತ್ರಿ ಬಾಯಿ ತೆರೆದುಕೊಂಡು ಅವಳನ್ನೇ ನೋಡುತ್ತಿದ್ದಳು. ಲಿಗಮೆಂಟ್ ಎನ್ನುವ ಆ ನಾರುಗಳ ಬಗ್ಗೆ ನಾನೂ ಓದಿದ್ದೆ. ಯಾವ ನಾರು ಅಡ್ಡ, ಯಾವುದು ಓರೆ, ಎಲ್ಲಿ ದಪ್ಪ, ಎಲ್ಲಿ ತೆಳು, ಎಲ್ಲ ಉರು ಹೊಡೆದು ಪರೀಕ್ಷೆಯಲ್ಲಿ ಬರೆದಿದ್ದೆ. ನನ್ನ ಮಗಳಿಗೆ ಒಂದು ದಿನವೂ ಹೇಳಿರಲಿಲ್ಲ, ಅಷ್ಟೆ. ಅವತ್ತು ಕೈಯಲ್ಲಿದ್ದ ಹಲ್ಲನ್ನು ಬೇಕಾದ್ದಕ್ಕಿಂತ ಜೋರಾಗಿ ಎಳೆದೆ.

ಆಗಸ್ಟ್ ತಿಂಗಳ ಒಂದು ಭಾನುವಾರ. ಟ್ಯೂಷನ್ನಿಗೆಂದು ಹೇಳಿ ಹೋದ ಗಂಗೋತ್ರಿ ಟ್ಯೂಷನ್ನಿಗೆ ಹೋಗಿರಲಿಲ್ಲ. ಸ್ನೇಹಾಳಿಂದ ಫೋನ್ ಬಂತು.

“ಮೇಡಂ, ಗಾಬರಿ ಆಗಬ್ಯಾಡ್ರಿ. ಗಂಗೋತ್ರಿ ಇಲ್ಲಿ ಡ್ಯಾಂ ಕ್ವಾರ್ಟರ್ಸ್ ಇಳಕಲಿನಾಗ ಸೈಕಲ್ ಮ್ಯಾಲಿಂದ ಬಿದ್ದಾಳ. ಮ್ಯಾಲಿನ ಬಲಗಡೆ ಮುಂದಿನ ಹಲ್ಲು ಪೂರ್ತಿ ಹೊರಗ ಬಂದಿತ್ತು. ವಾಪಸ್ ಕೂಡ್ರಿಸೀನಿ. ದವಾಖಾನಿಗೆ ಕರ್ಕೊಂಡು ಬರ್ತೀನಿ, ನೀವು ಬಾಗಿಲ ತೆಗೀರಿ.”

ಗಾಬರಿಯಾಯಿತು, ನಿಜ. ಆದರೆ ಅದಕ್ಕಿಂತ ಮೊದಲು ಇನ್ನೊಂದು ಆಯಿತು. ಮಗಳು ನನಗೆ ಸುಳ್ಳು ಹೇಳಿ ಅವಳ ಮನೆಗೆ ಹೋಗಿದ್ದಾಳೆ ಎಂಬುದು ಎದೆಗೆ ಚುಚ್ಚಿತು. ತಾಯಿಯಾದವಳಿಗೆ ಆ ಕ್ಷಣದಲ್ಲಿ ಹೀಗನ್ನಿಸಬಾರದು, ಗೊತ್ತು. ನನಗೆ ಅನ್ನಿಸಿತು.

ಅಲ್ಲಿ ನಡೆದದ್ದನ್ನು ಆಮೇಲೆ ಕೇಳಿ ತಿಳಿದೆ. ಕ್ವಾರ್ಟರ್ಸಿನ ಒಬ್ಬ ಅಜ್ಜಿ ಬಿದ್ದ ಹಲ್ಲನ್ನು ಎತ್ತಿಕೊಂಡು, ಸಗಣಿಯಲ್ಲಿ ಸುತ್ತಿ ಮಾಳಿಗೆಯ ಮೇಲೆ ಎಸೆದರೆ ಬೇಗ ಹೊಸದು ಬರುತ್ತದೆ ಎಂದು ಸಗಣಿ ಹುಡುಕಲು ಹೊರಟಿದ್ದಳಂತೆ. ಸ್ನೇಹಾ ಅವಳ ಕೈಯಿಂದ ಕಸಿದು, ಬೇರು ಮುಟ್ಟದೆ ಹಲ್ಲಿನ ತಲೆಯನ್ನಷ್ಟೇ ಹಿಡಿದು, ನಲ್ಲಿ ನೀರಿನಲ್ಲಿ ಒಮ್ಮೆ ತೊಳೆದು, ನಿಂತಲ್ಲೇ ಗೂಡಿಗೆ ಒತ್ತಿ ಕೂರಿಸಿ, ಕರವಸ್ತ್ರ ಕಚ್ಚಿಸಿದ್ದಳು. ಬಿದ್ದು ಐದು ನಿಮಿಷವೂ ಆಗಿರಲಿಲ್ಲ. ಬೇರಿಗೆ ಅಂಟಿದ ನಾರು ಒಣಗುವ ಮೊದಲೇ ಹಲ್ಲು ಗೂಡು ಸೇರಿತ್ತು. ಅದಕ್ಕಿಂತ ಸರಿಯಾಗಿ ಯಾರೂ ಮಾಡಲಾರರು.

ನಾನು ಫೋನ್ ಮಾಡಿದ್ದಕ್ಕೆ ಹಂಪಕ್ಕ ಮೊದಲೇ ಬಂದು ದವಾಖಾನೆ ತೆಗೆದಿದ್ದಳು. ನಾನು ಹೋದಾಗ ಗಂಗೋತ್ರಿ ಕುರ್ಚಿಯ ಮೇಲೆ ಕೂತಿದ್ದಳು. ಗಲ್ಲ ತರಚಿತ್ತು, ತುಟಿ ಊದಿತ್ತು. ಒಂದು ಕೈ ಸ್ನೇಹಾಳ ದುಪಟ್ಟಾದ ತುದಿ ಹಿಡಿದಿತ್ತು. ನಾನು ಬಂದ ಮೇಲೂ ಬಿಡಲಿಲ್ಲ. ಸ್ನೇಹಾ ಬರುವ ದಾರಿಯಲ್ಲಿ ಮೀನುಗಾರರ ಹತ್ತಿರ ಗಾಳದ ನೈಲಾನ್ ದಾರ ತಂದಿದ್ದಳು. ಅದನ್ನು ಹಂಪಕ್ಕನಿಗೆ ಕೊಟ್ಟು ಸ್ಪಿರಿಟ್ಟಿನಲ್ಲಿ ಹಾಕಿಸಿದ್ದಳು.

“ಪಕ್ಕದ ಹಲ್ಲಿಗೆ ಇದನ್ನ ಅಂಟಿಸಿ ಹಿಡಿದ್ರ ಸಾಕು ಮೇಡಂ,” ಎಂದಳು.

“ಮೀನು ಹಿಡಿಯೋ ದಾರ ನನ್ನ ಮಗಳ ಬಾಯಾಗ ಬ್ಯಾಡ,” ಎಂದೆ. “ನೀನು ಏಳು. ನಾನು ಕಟ್ತೀನಿ.”

“ನೀವ ಕಟ್ರಿ. ಆದ್ರ ಒಂಚೂರು ಸಡಿಲ ಇರ್ಲಿ. ಎರಡು ವಾರಕ್ಕ ಬಿಚ್ಚಬೇಕು. ಹಲ್ಲು ಸ್ವಲ್ಪ ಸ್ವಲ್ಪ ಅಲುಗ್ತಾ ಇದ್ರನ ನಾರು ಮತ್ತ ಹುಟ್ಟತಾವ. ಭಾಳ ಬಿಗಿದ್ರ ಎಲುಬು ಬಂದು ಬೇರಿಗೆ ನೇರ ಹತ್ತಿಬಿಡ್ತೈತಿ.”

“ನೀ ಶಾಲಿಗೆ ಹೋಗೋ ಕಾಲಕ್ಕ ನಾ ಸಂಡೂರಾಗ ದವಡಿ ಕಟ್ತಿದ್ದೆ,” ಎಂದೆ. “ಹೊರಗ ಕುಂದ್ರು.”

ಅವಳು ಮಗಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ದುಪಟ್ಟಾ ಎಳೆದುಕೊಂಡು ಹೊರಗೆ ಹೋದಳು. ನಾನು ಹಂಪಕ್ಕನಿಗೆ ಲೋಹದ ಪಟ್ಟಿ ಕೊಡು ಎಂದೆ. ಹಂಪಕ್ಕ ಕೊಡಲಿಲ್ಲ, ಕೈಯಲ್ಲೇ ಹಿಡಿದು ನಿಂತಳು.

“ಡಾಕ್ಟ್ರಮ್ಮ, ಇದು ಲಾರಿ ಡ್ರೈವರ್‌ದು ದವಡಿ ಅಲ್ರಿ,” ಎಂದಳು.

ನಾನು ಅವಳ ಕೈಯಿಂದ ತೆಗೆದುಕೊಂಡೆ. ಮೇಲಿನ ಆರು ಹಲ್ಲಿಗೂ ಪಟ್ಟಿ ಇಟ್ಟು, ತಂತಿ ಸುತ್ತಿ, ಇಕ್ಕಳದಲ್ಲಿ ತಿರುವಿದೆ. ಸ್ನೇಹಾ ಹೇಳಿದ್ದು ಕಿವಿಗೆ ಬಿದ್ದಿರಲಿಲ್ಲ ಎಂದು ನಾನು ಹೇಳಲಾರೆ. ಪ್ರತಿ ಸುತ್ತಿಗೂ ಅವಳ ಮಾತು ನೆನಪಾಗುತ್ತಿತ್ತು, ನೆನಪಾದ್ದಕ್ಕೇ ಇನ್ನೊಂದು ಸುತ್ತು ಹೆಚ್ಚು ತಿರುವಿದೆ. ಅವಳು ಕೂರಿಸಿದ ಹಲ್ಲು, ನಾನು ಉಳಿಸಿದ ಹಲ್ಲಾಗಬೇಕಿತ್ತು. ಗಂಗೋತ್ರಿಯ ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಬಾಯಿ ತೆರೆದುಕೊಂಡೇ ಇದ್ದಳು.

ಮರುದಿನ ಸೋಮವಾರ. ಇನ್ನು ಮುಂದೆ ಬರುವುದು ಬೇಡ ಎಂದು ಸ್ನೇಹಾಳಿಗೆ ಎರಡು ಸಾಲಿನ ಮೆಸೇಜ್ ಹಾಕಿದೆ. ಗಂಗೋತ್ರಿಗೆ ಡ್ಯಾಂ ಕಡೆ ಕಾಲಿಡಬಾರದು ಎಂದೆ. ಸ್ನೇಹಾ ‘ಸರಿ ಮೇಡಂ’ ಎಂದು ಉತ್ತರಿಸಿ, ಕೆಳಗೆ ಇನ್ನೊಂದು ಸಾಲು ಬರೆದಿದ್ದಳು, ‘ಎರಡು ವಾರ ಮರೀಬೇಡ್ರಿ.’

ಮರೆಯಲಿಲ್ಲ. ಹದಿನಾಲ್ಕನೇ ದಿನ ಇಕ್ಕಳ ಕೈಗೆ ತೆಗೆದುಕೊಂಡು ಮತ್ತೆ ಕೆಳಗಿಟ್ಟೆ. ಆ ದಿನಗಳು ಹೇಗಿದ್ದವೆಂದು ಹೇಳಿದರೆ ನಿಮಗೆ ನನ್ನ ಬಗ್ಗೆ ಅಸಹ್ಯವಾಗಬಹುದು. ನಾನು ಸಂತೋಷವಾಗಿದ್ದೆ. ಶಾಲೆ ಬಿಟ್ಟರೆ ಮಗಳು ನೇರ ನನ್ನ ಹತ್ತಿರವೇ ಬರಬೇಕು. ದಿನಾ ಸಂಜೆ ನಾನು ಅವಳ ಬಾಯಿ ತೊಳೆಯುವೆ, ತಂತಿ ನೋಡುವೆ. ಹತ್ತನೇ ದಿನ ಹಲ್ಲಿನೊಳಗಿನ ಸತ್ತ ನರ ತೆಗೆದು ತುಂಬಿದ್ದೂ ನಾನೇ. ಗಂಜಿ, ಮೆತ್ತಗಿನ ಅನ್ನ ಕಲಸಿ ತಿನ್ನಿಸುವೆ. ನಾಲ್ಕು ವರ್ಷದಿಂದ ಅವಳು ನನ್ನ ಕೈತುತ್ತು ತಿಂದಿರಲಿಲ್ಲ. ಬಿಚ್ಚಿದರೆ ಇದೆಲ್ಲ ಮುಗಿಯುತ್ತದೆ ಎಂದು ಇಕ್ಕಳ ಕೆಳಗಿಟ್ಟೆ. ಬಾಯಿಮಾತಿಗೆ, ದವಡೆಗೆ ಆರು ವಾರ ಬೇಕು, ಹಲ್ಲಿಗೂ ಬೇಕು ಎಂದೆ.

ಆರು ವಾರ ತುಂಬಿದ ಮೇಲೆ ಬಿಚ್ಚಿದೆ. ಹಲ್ಲು ಬಂಡೆಯಷ್ಟು ಗಟ್ಟಿ. ಬೆರಳಿನಲ್ಲಿ ಅಲುಗಿಸಿದೆ, ಅಲುಗಲಿಲ್ಲ. ಕೂಡಲೇ ಕಾರು ಮಾಡಿಕೊಂಡು ಕಂಪ್ಲಿಗೆ ಹೋಗಿ ಅತ್ತೆಗೆ ತೋರಿಸಿದೆ.

“ಭಾಳ ಗಟ್ಟಿ ಕೂಡ್ರಿಸೀಯವ್ವ,” ಎಂದರು ಅತ್ತೆ. ಆ ಒಂದು ಮಾತಿಗಾಗಿ ನಾನು ಎರಡು ವರ್ಷ ಕಾದಿದ್ದೆ.

ಒಂದು ಮಾತು ಮುಚ್ಚಿಟ್ಟಿದ್ದೆ. ಬಿಚ್ಚಿದ ದಿನ ಅಭ್ಯಾಸಬಲದಿಂದ, ಬಾಯೊಳಗೆ ನೋಡುವ ಕನ್ನಡಿಯ ಹಿಡಿಯಿಂದ ಹಲ್ಲುಗಳನ್ನು ತಟ್ಟಿ ನೋಡಿದ್ದೆ. ಸುತ್ತ ನಾರಿರುವ ಹಲ್ಲು ತಟ್ಟಿದರೆ ಮೆತ್ತಗಿನ ಸದ್ದು ಬರುತ್ತದೆ. ಎಡಗಡೆಯದು ಹಾಗೇ ಸದ್ದು ಮಾಡಿತು. ಬಲಗಡೆಯದು ಸ್ಟೀಲ್ ಲೋಟ ತಟ್ಟಿದಂತೆ ಟಣ್ ಎಂದಿತು. ಹಂಪಕ್ಕ ನನ್ನ ಮುಖ ನೋಡಿದಳು. ನಾನು ಕನ್ನಡಿಯನ್ನು ಟ್ರೇಗೆ ಹಾಕಿ, ಇದನ್ನೆಲ್ಲ ತೊಳೆದಿಡು ಎಂದೆ.

ಡಿಸೆಂಬರಿನಲ್ಲಿ ಕಂಪ್ಲಿಯಲ್ಲಿ ಭತ್ತದ ಸುಗ್ಗಿ. ಒಂದು ಭಾನುವಾರ ಎಲ್ಲರೂ ಗಿರಣಿಯಲ್ಲಿದ್ದೆವು. ಎರ್ರಿಯಪ್ಪ ಎಂಬ ಹಳೆಯ ರೈತ ಎರಡು ಟ್ರ್ಯಾಕ್ಟರ್ ಸೋನಾ ಮಸೂರಿ ತಂದು ನಿಲ್ಲಿಸಿದ್ದ. ಮಾವನವರು ನಾಲ್ಕು ಕಾಳು ತೆಗೆದು ಮೊಮ್ಮಗಳ ಅಂಗೈಗೆ ಹಾಕಿದರು. ಅವಳು ಯಾವತ್ತಿನಂತೆ ಬಲಗಡೆಯ ಹಲ್ಲಿಗೆ ಕೊಟ್ಟು ಕಣ್ಣು ಮುಚ್ಚಿದಳು. ಕಡಿದಳು. ಕಣ್ಣು ತೆರೆದು ಇನ್ನೊಂದು ಕಡಿದಳು. ನಾಲ್ಕೂ ಮುಗಿದವು.

“ಹೆಂಗೈತವ್ವ?” ಎಂದರು ಮಾವ.

ಸುತ್ತ ಹಮಾಲರು, ಎರ್ರಿಯಪ್ಪ, ನಾನು, ಅವಳಪ್ಪ, ಎಲ್ಲರೂ ಅವಳನ್ನೇ ನೋಡುತ್ತಿದ್ದೆವು. ಅವಳು ಒಮ್ಮೆ ನನ್ನ ಕಡೆ ನೋಡಿದಳು.

“ಒಣಗೈತಿ ತಾತ,” ಎಂದಳು.

ಮಾವ ಚೀಲ ಇಳಿಸಿ ಒಳಗೆ ಒಂದರ ಮೇಲೊಂದು ಅಟ್ಟಿ ಹಾಕಿಸಿದರು. ಹನ್ನೆರಡು ದಿನಕ್ಕೆ ಅಟ್ಟಿಯ ಒಳಗಿನ ಚೀಲಗಳು ಬಿಸಿಯಾಗಿ ಮುಗ್ಗು ವಾಸನೆ ಹೊಡೆಯತೊಡಗಿದವು. ಎಲ್ಲ ಹೊರಗೆ ತೆಗೆಸಿ ಕಣದಲ್ಲಿ ಹರವಿಸಬೇಕಾಯಿತು. ಅದಾದ ಮೇಲಿನ ಭಾನುವಾರ ನಾವು ಹೋದಾಗ ಮಾವನವರು ಕಪಾಟಿನ ಬೀಗ ತೆಗೆದು ಮೀಟರ್ ಹೊರಗಿಟ್ಟುಕೊಂಡಿದ್ದರು. “ಬಾರವ್ವ,” ಎಂದು ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಶೇಂಗಾ ಕೊಟ್ಟರು. ಕಾಳು ಕೊಡಲಿಲ್ಲ.

ವಾಪಸು ಬರುವಾಗ ಕಾರಿನಲ್ಲಿ ಗಂಗೋತ್ರಿ ಹಿಂದೆ ಕೂತಿದ್ದಳು. ಬುಕ್ಕಸಾಗರ ದಾಟಿದ ಮೇಲೆ ಮಾತಾಡಿದಳು.

“ಮಮ್ಮಿ, ನನಗ ಅವತ್ತ ಗೊತ್ತಾಗ್ಲಿಲ್ಲ. ಎಲ್ಲಾರೂ ನೋಡ್ತಿದ್ರು ಅಂತ ಒಣಗೈತಿ ಅಂದೆ.” ಮತ್ತೆ ಹೇಳಿದಳು, “ಈ ಹಲ್ಲು ಕಟ್ ಅಂತೈತಿ. ಏನೂ ಹೇಳಂಗಿಲ್ಲ.”

ಮಾವನವರು ಸೆಟ್ ಹಾಕಿಕೊಂಡು ಹೇಳಿದ ಮಾತೇ ಅದು. ಅವಳು ಅದನ್ನು ಕೇಳಿರಲಿಲ್ಲ. ನಾನು ಕೇಳಿದ್ದೆ.

ದವಾಖಾನೆ ತೆರೆಸಿ ಎಕ್ಸ್-ರೇ ತೆಗೆದೆ. ಎಡಗಡೆಯ ಹಲ್ಲಿನ ಬೇರಿನ ಸುತ್ತ ಸಣ್ಣ ಕಪ್ಪು ಗೆರೆ ಸ್ಪಷ್ಟವಾಗಿತ್ತು. ಬಲಗಡೆಯದಕ್ಕೆ ಗೆರೆ ಇರಲಿಲ್ಲ. ಬೇರು ಎಲ್ಲಿ ಮುಗಿಯಿತು, ಎಲುಬು ಎಲ್ಲಿ ಶುರುವಾಯಿತು ಎಂದು ಹೇಳಲಾಗದಂತೆ ಎರಡೂ ಬೆಸೆದುಕೊಂಡಿದ್ದವು. ಸಂಡೂರಿನಲ್ಲಿ ನಾನು ಕಟ್ಟಿದ ದವಡೆಗಳು ಹೀಗೇ ಕೂಡಿಕೊಳ್ಳುತ್ತಿದ್ದವು. ಅಲ್ಲಿ ಅದಕ್ಕೆ ಎಲ್ಲರೂ ನನ್ನನ್ನು ಹೊಗಳುತ್ತಿದ್ದರು.

ಮರುದಿನ ಸಂಜೆ ಸ್ಕೂಟರಿನ ಮೇಲೆ ಮಗಳನ್ನು ಕೂರಿಸಿಕೊಂಡು ಟಿ.ಬಿ. ಡ್ಯಾಂಗೆ ಹೋದೆ. ಹೋಗದೆ ಇರಬಹುದಿತ್ತು, ಬಳ್ಳಾರಿಯಲ್ಲಿ ಬೇರೆ ತಜ್ಞರಿದ್ದಾರೆ. ಆದರೆ ಗಂಗೋತ್ರಿ ಎಕ್ಸ್-ರೇ ನೋಡಿದವಳೇ “ಸ್ನೇಹಕ್ಕನ ಕೇಳೋಣ” ಎಂದಿದ್ದಳು. ಕಪ್ಪು ಗೆರೆ ಇಲ್ಲ ಎಂದು ಅವಳಿಗೂ ಕಂಡಿತ್ತು. ಅದನ್ನು ನೋಡಲು ಕಲಿಸಿದವಳು ಯಾರು ಎಂದು ನೆನೆದು ಆಗಲೂ ನನಗೆ ಹೊಟ್ಟೆ ಉರಿಯಿತು.

ಸ್ನೇಹಾ ಬಾಗಿಲು ತೆಗೆದು, “ಬರ್ರಿ ಮೇಡಂ, ಕುಂದ್ರಿ,” ಎಂದಳು. ನಾಲ್ಕು ತಿಂಗಳ ಹಿಂದೆ ನಾನು ಕಳಿಸಿದ ಮೆಸೇಜಿನ ನೆರಳೂ ಅವಳ ಮುಖದಲ್ಲಿ ಇರಲಿಲ್ಲ. ಗಂಗೋತ್ರಿ ಅವಳ ಸೊಂಟಕ್ಕೆ ತೋಳು ಸುತ್ತಿ ನಿಂತಳು. ಸ್ನೇಹಾ ಒಂದು ಚಮಚದ ಹಿಡಿಯಿಂದ ಹಲ್ಲು ತಟ್ಟಿದಳು. ಆ ಸಣ್ಣ ಕೋಣೆಯಲ್ಲಿ ಟಣ್ ಎಂಬ ಸದ್ದು ಮೂವರಿಗೂ ಕೇಳಿತು. ಎಕ್ಸ್-ರೇಯನ್ನು ಬಲ್ಬಿನ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

“ಇನ್ನ ಮುಂದೆ ಹೆಂಗಕ್ಕ?” ಎಂದಳು ಮಗಳು.

“ಎಲುಬು ಅದನ್ನ ತನ್ನದ ಅಂತ ತಿಳ್ಕೊಂಡೈತಿ. ನೀ ಬೆಳೆದಂಗ ಪಕ್ಕದ ಹಲ್ಲು ಕೆಳಗ ಇಳೀತಾವ, ಇದು ಅಲ್ಲೇ ನಿಲ್ತೈತಿ, ಗಿಡ್ಡ ಕಾಣ್ತೈತಿ. ಬೇರನ್ನ ಎಲುಬು ಮೆಲ್ಲಕ ತಿಂತೈತಿ. ಕೆಲವು ವರ್ಷ ಇರ್ತೈತಿ. ಆಮ್ಯಾಲ ಬ್ಯಾರೆ ಏನಾದ್ರೂ ಮಾಡೋಣಂತ.”

“ಕಾಳು ಕಡಿಯೋದು?”

“ಕೆಳಗಿನ ಹಲ್ಲಿಗೆ ಗೊತ್ತಾಗ್ತೈತಿ. ಮ್ಯಾಲಿಂದು ಸುಮ್ನ ಇರ್ತೈತಿ. ಅರ್ಧ ಗೊತ್ತಾದಂಗ.” ಸ್ನೇಹಾ ಅವಳ ಕೆನ್ನೆ ಮುಟ್ಟಿದಳು. “ಎಡಗಡೆದರ ಮ್ಯಾಲ ಕಲಿ. ಅದಕ್ಕ ನಾರು ಚಲೋ ಅದಾವ.”

“ಯಾಕ ಹಿಂಗಾತು?”

ಸ್ನೇಹಾ ನನ್ನ ಕಡೆ ನೋಡಿದಳು. ಅವಳ ಬಾಯಿಂದ ಬರುವ ಮಾತಿಗೆ ನಾನು ಮೈ ಗಟ್ಟಿ ಮಾಡಿಕೊಂಡು ಕೂತಿದ್ದೆ.

“ಬಿದ್ದ ಹಲ್ಲು ಒಮ್ಮೊಮ್ಮೆ ಹಂಗ ಆಗ್ತಾವ ಗಂಗೂ. ಯಾರ ತಪ್ಪೂ ಅಲ್ಲ,” ಎಂದಳು.

ಅಲ್ಲಿಗೆ ಮುಗಿದು ಹೋಗುತ್ತಿತ್ತು. ಅವಳು ನನ್ನನ್ನು ಉಳಿಸಿದ್ದಳು. ಅತ್ತೆಯ ಹಲ್ಲು ಉಳಿಸಿದ ಹಾಗೆ, ಸದ್ದಿಲ್ಲದೆ, ಏನೂ ಕೇಳದೆ. ಅದನ್ನು ನನ್ನಿಂದ ಸಹಿಸಲಾಗಲಿಲ್ಲ. ಓದು ಅವಳದು, ಕೈ ಅವಳದು, ನನ್ನ ಮಗಳೂ ಅವಳ ಸೊಂಟ ಹಿಡಿದು ನಿಂತಿದ್ದಾಳೆ, ಇನ್ನು ದೊಡ್ಡ ಮನಸ್ಸೂ ಅವಳದೇ ಆಗಬೇಕೇ. ನಾನು ಬಾಯಿ ಬಿಟ್ಟದ್ದು ಸತ್ಯದ ಮೇಲಿನ ಪ್ರೀತಿಯಿಂದ ಎಂದು ಯಾರೂ ತಿಳಿಯಬಾರದು. ಹೊಟ್ಟೆಕಿಚ್ಚಿನಿಂದಲೇ ಬಿಟ್ಟೆ.

“ಸುಳ್ಳು,” ಎಂದೆ. “ಸಡಿಲ ಕಟ್ರಿ, ಎರಡು ವಾರಕ್ಕ ಬಿಚ್ರಿ ಅಂತ ಸ್ನೇಹಾ ಹೇಳಿದ್ಲು. ನೋವಿನಾಗ ನಿನಗ ನೆನಪಿರಲಿಕ್ಕಿಲ್ಲ, ನನಗ ಕೇಳಿಸಿತ್ತು. ಬೇಕಂತ ಬಿಗಿದು ಕಟ್ಟಿದೆ. ಆರು ವಾರ ಬಿಚ್ಚಲಿಲ್ಲ.”

ಗಂಗೋತ್ರಿ ಸ್ನೇಹಾಳ ಸೊಂಟ ಬಿಟ್ಟಳು. ನನ್ನ ಎದುರಿಗೆ ಬಂದು ನಿಂತಳು.

“ಸ್ನೇಹಕ್ಕ ಕಟ್ಟಿದ್ರ ಉಳೀತಿತ್ತಾ ಮಮ್ಮಿ?”

ಖಾತ್ರಿ ಹೇಳಲಾಗದು, ಬಿದ್ದ ಹಲ್ಲಿನ ವಿಷಯದಲ್ಲಿ ಯಾರೂ ಹೇಳಲಾರರು ಎಂದು ಹೇಳಬಹುದಿತ್ತು. ಅದು ನಿಜವೂ ಹೌದು. ಆದರೆ ಅವಳು ಕೇಳಿದ್ದು ಡಾಕ್ಟರನ್ನಲ್ಲ.

“ಉಳೀತಿತ್ತು,” ಎಂದೆ.

ಅವಳು ಅಳಲಿಲ್ಲ, ಸಿಟ್ಟಾಗಲಿಲ್ಲ. ಚಪ್ಪಲಿ ಹಾಕಿಕೊಳ್ಳಲು ಹೊರಗೆ ಹೋದಳು. ನಾನು ಎದ್ದು, ಸೋಮವಾರ ಗುರುವಾರ ಮೊದಲಿನಂತೆ ಬರ್ತೀಯಾ ಎಂದು ಸ್ನೇಹಾಳನ್ನು ಕೇಳಿದೆ. ಅವಳು ಹೊರಗಿದ್ದ ಗಂಗೋತ್ರಿಯ ಕಡೆ ನೋಡಿದಳು.

“ಗಂಗೋತ್ರಿ ಸಲುವಾಗಿ ಬರ್ತೀನ್ರಿ,” ಎಂದಳು.

ಹೊರಗೆ ಸ್ಕೂಟರ್ ಶುರು ಮಾಡಿದೆ. ಗಂಗೋತ್ರಿ ಹಿಂದೆ ಹತ್ತಿ ಕೂತಳು. ಚಿಕ್ಕಂದಿನಿಂದ ನನ್ನ ಸೊಂಟಕ್ಕೆ ಎರಡೂ ಕೈ ಸುತ್ತಿ ಕೂರುವುದು ಅವಳ ರೂಢಿ. ಬರುವಾಗಲೂ ಹಾಗೇ ಕೂತು ಬಂದಿದ್ದಳು. ಈಗ ಕೈ ಬರಲಿಲ್ಲ. ಕನ್ನಡಿಯಲ್ಲಿ ನೋಡಿದೆ, ಹಿಂದಿನ ಕಂಬಿ ಹಿಡಿದು ಕೂತಿದ್ದಳು. ಅದೇ ಇಳಕಲು, ಅವಳು ಬಿದ್ದ ಜಾಗ ಮುಂದೆಯೇ ಇತ್ತು. ಬಿಗಿಯಾಗಿ ಹಿಡ್ಕೋ ಎಂದು ಯಾವಾಗಲೂ ಹೇಳುವ ಮಾತು ನಾಲಿಗೆಯ ತುದಿಗೆ ಬಂತು. ಅದನ್ನು ಹೇಳದೆ, ಎರಡೂ ಬ್ರೇಕ್ ಹಿಡಿದುಕೊಂಡು ನಿಧಾನವಾಗಿ ಇಳಿಸಿದೆ.